ಹೊಂಗೆ ಮರಕ್ಕೊಂದು ಸುತ್ತು

ನನ್ನ ಸಿಟ್ಟು ಚಾಮರಾಜಪೇಟೆಯ ನಾಲ್ಕು ಬೀದಿಗೆ ಗೊತ್ತು. ನಿವೃತ್ತಳಾಗಿ ವರ್ಷಗಳಾದವು. ಆದರೂ ಸಂಜೆ ತರಕಾರಿಗೆಂದು ಹೊರಟರೆ ಎದುರಿಗೆ ಬರುವ ಯಾವಳೋ ಹೆಂಗಸು, ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಬ್ಯಾಗು ಹಿಡಿದವಳು, ನನ್ನನ್ನು ಕಂಡ ಕೂಡಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ. ಅಲ್ಲಿಗೆ ಗೊತ್ತಾಗುತ್ತದೆ, ಇವಳು ನನ್ನ ಕ್ಲಾಸಿನಲ್ಲಿ ಕೂತಿದ್ದವಳು. ಹೆಸರು ಥಟ್ಟನೆ ಹೊಳೆಯುವುದಿಲ್ಲ. ಯಾವ ಬೆಂಚಿನಲ್ಲಿ ಯಾರ ಪಕ್ಕ ಕೂತು, ಗುಸುಗುಸು ಮಾತಾಡಿ ಬೈಸಿಕೊಳ್ಳುತ್ತಿದ್ದಳು ಎಂಬುದು ಮಾತ್ರ ಹೊಳೆಯುತ್ತದೆ. "ಚೆನ್ನಾಗಿದೀರಾ ಮೇಡಂ" ಎಂದು ಅವಳು ಕೇಳುವಷ್ಟರಲ್ಲಿ ನನ್ನ ಸಿಟ್ಟೆಲ್ಲ ಎಲ್ಲಿ ಹೋಗುತ್ತದೋ, ಕಣ್ಣು ಮಂಜಾಗುತ್ತದೆ. ವಯಸ್ಸಾಯಿತು ನೋಡಿ.

ಮೇ ತಿಂಗಳು ಬಂತೆಂದರೆ ನಾನು ಕಾಲೇಜಿನ ಗೇಟಿನ ಮುಂದಿನ ದಾರಿಯಲ್ಲೇ ಹೋಗುತ್ತೇನೆ. ತರಕಾರಿ ಅಂಗಡಿಗೆ ಅದು ಸುತ್ತು ದಾರಿ. ಆದರೂ ಹೋಗುತ್ತೇನೆ. ಪಿಯುಸಿ ಅಡ್ಮಿಷನ್ನಿನ ದಿನಗಳು ಅವು. ಕಾರಿಡಾರಿನಲ್ಲಿ ಟೇಬಲ್ಲುಗಳನ್ನು ಸಾಲಾಗಿ ಹಾಕಿರುತ್ತಾರೆ. ಅಪ್ಪ ಅಮ್ಮಂದಿರು ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು, ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ. ಕಲ್ಲು ಹಾಸಿನ ಅಂಗಳದ ನಡುವೆ ಆ ಹೊಂಗೆ ಮರ ಇನ್ನೂ ಇದೆ. ಅದನ್ನು ಕಂಡರೆ ನನಗೆ ನಗು ಬರುತ್ತದೆ, ಎಡ ಮೊಣಕಾಲೂ ಸ್ವಲ್ಪ ನೋಯುತ್ತದೆ. ಏಕೆಂದು ಹೇಳಬೇಕಾದರೆ ನಮ್ಮ ವಠಾರದಿಂದ ಶುರು ಮಾಡಬೇಕು.

ನಾನು ಹುಟ್ಟಿ ಬೆಳೆದದ್ದು ಇದೇ ಪೇಟೆಯ ಒಂದು ವಠಾರದಲ್ಲಿ. ಉದ್ದನೆಯ ಓಣಿ, ಎರಡೂ ಕಡೆ ಎದುರುಬದುರು ಮನೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಮ್ಮ ಎದುರು ಮನೆಯವರು ತಮಿಳು ಅಯ್ಯರ್‌ಗಳು. ಆ ಮನೆಯಾಕೆಯನ್ನು ವಠಾರವೆಲ್ಲ ಮಾಮಿ ಎಂದೇ ಕರೆಯುತ್ತಿತ್ತು. ನಮ್ಮಮ್ಮನಿಗೆ ಹೆಪ್ಪಿಗೆ ಒಂದು ಚಮಚ ಮೊಸರು ಉಳಿಸಬೇಕೆಂಬುದು ಜನ್ಮದಲ್ಲಿ ನೆನಪಾದದ್ದಿಲ್ಲ. ಸಂಜೆಯಾದರೆ ಬಟ್ಟಲು ಹಿಡಿದು ಮಾಮಿಯ ಬಾಗಿಲಿಗೆ ಹೋಗುತ್ತಿದ್ದಳು. ಹೋದವಳು ತಮಿಳಿನಲ್ಲಿ ಕೇಳುತ್ತಿದ್ದಳು. ಮಾಮಿ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಅಮ್ಮನ ತಮಿಳಿಗೆ ಕಾಲಿಲ್ಲ, ಮಾಮಿಯ ಕನ್ನಡಕ್ಕೆ ತಲೆಯಿಲ್ಲ. ಆದರೂ ಇಬ್ಬರೂ ಹೊಸಿಲಿನ ಆಚೆ ಈಚೆ ನಿಂತು, ಹುಳಿಪುಡಿಯಿಂದ ಹಿಡಿದು ನಾದಿನಿಯ ಹೆರಿಗೆಯವರೆಗೆ ಮಾತಾಡಿ, ಕತ್ತಲಾದ ಮೇಲೆ ಹೆಪ್ಪಿನ ಬಟ್ಟಲು ನಮ್ಮ ಮನೆಗೆ ಬರುತ್ತಿತ್ತು.

ನನಗೆ ಇದು ದೊಡ್ಡ ತಮಾಷೆಯಾಗಿ ಕಾಣುತ್ತಿತ್ತು. ನೀನು ಕನ್ನಡದಲ್ಲಿ ಕೇಳು, ಅವರು ತಮಿಳಿನಲ್ಲಿ ಹೇಳಲಿ, ಇಬ್ಬರಿಗೂ ಸುಲಭ ಅಲ್ಲವೇ ಎಂದು ಅಮ್ಮನನ್ನು ಒಮ್ಮೆ ಕೇಳಿದೆ. ಅಮ್ಮ ಒಲೆಯ ಮುಂದಿನಿಂದ ತಲೆ ಎತ್ತದೆ ಹೇಳಿದಳು: "ಕೇಳಕ್ಕೆ ಹೋದೋಳು ನಾನು ಕಣೇ. ಕೇಳೋರೇ ಹತ್ರ ಹೋಗ್ಬೇಕು." ಹಾಗಾದರೆ ಮಾಮಿ ಯಾಕೆ ಕನ್ನಡದಲ್ಲಿ ಮಾತಾಡುತ್ತಾರೆ ಎಂದದ್ದಕ್ಕೆ, ಅದು ಅವರ ದೊಡ್ಡತನ ಎಂದಳು. ಹೀಗೆ ಆ ಓಣಿಯಲ್ಲಿ ಆಡಾಡುತ್ತಲೇ ನನಗೂ ಮಾಮಿಯ ಮನೆಯ ತಮಿಳು ಬಂದುಬಿಟ್ಟಿತ್ತು.

ದೊಡ್ಡವಳಾಗಿ, ಕನ್ನಡ ಎಂ.ಎ. ಮಾಡಿ, ಅದೇ ಪೇಟೆಯ ಹುಡುಗಿಯರ ಪಿಯು ಕಾಲೇಜಿನಲ್ಲಿ ಪಾಠ ಮಾಡಲು ನಿಂತ ಮೇಲೆ ಅಮ್ಮನ ಈ ಸೌಜನ್ಯದ ಮೇಲೆ ನನಗೆ ಸಿಟ್ಟು ಶುರುವಾಯಿತು. ಊರು ಬದಲಾಗುತ್ತಿತ್ತು. ಸೊಪ್ಪಿನವಳು ಗಿರಾಕಿಯ ಮುಖ ನೋಡಿ ಹಿಂದಿಗೆ ತಿರುಗುತ್ತಿದ್ದಳು, ಆಟೋದವನು ತಮಿಳಿಗೆ, ಬ್ಯಾಂಕಿನವನು ಇಂಗ್ಲಿಷಿಗೆ. ಯಾರು ಬಂದರೂ ಅವರ ಭಾಷೆಗೆ ಜಾರಿಬಿಡುವ ನಮ್ಮ ಈ ಗುಣವೇ ನಮ್ಮನ್ನು ಮುಳುಗಿಸಿತು ಎಂದು ಸ್ಟಾಫ್ ರೂಮಿನಲ್ಲಿ ವಾರಕ್ಕೊಮ್ಮೆಯಾದರೂ ಭಾಷಣ ಮಾಡುತ್ತಿದ್ದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಹೇಳಿ ಮುಗಿಸುತ್ತಿದ್ದೆ. ಸಹೋದ್ಯೋಗಿಗಳು ತಲೆಯಾಡಿಸಿ ಟೀ ಕುಡಿಯುತ್ತಿದ್ದರು.

ಈಗ ಹೇಳುತ್ತಿರುವುದು ಚಿಕ್ಕಪೇಟೆಗೆ ಮೆಟ್ರೋ ಬಂದ ಮೇಲಿನ ಮಾತು. ನನ್ನ ನಿವೃತ್ತಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಪಿಯುಸಿಗೆ ಬರುವ ಹುಡುಗಿಯರು ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯನ್ನು ಆರಿಸಿಕೊಳ್ಳಬೇಕು. ನಮ್ಮಲ್ಲಿ ಕನ್ನಡ, ಸಂಸ್ಕೃತ, ಹಿಂದಿ ಮೂರೂ ಇದ್ದವು. ಸಂಸ್ಕೃತಕ್ಕೆ ಮಾರ್ಕ್ಸ್ ಧಾರಾಳ, ಉತ್ತರವನ್ನು ಇಂಗ್ಲಿಷಿನಲ್ಲೂ ಬರೆಯಬಹುದು ಎಂಬ ಸುದ್ದಿ ಊರೆಲ್ಲ ಹಬ್ಬಿ, ನನ್ನ ಕ್ಲಾಸು ವರ್ಷದಿಂದ ವರ್ಷಕ್ಕೆ ಹಿಂದಿನ ಬೆಂಚಿನಿಂದ ಖಾಲಿಯಾಗುತ್ತ ಬಂತು. ಆ ವರ್ಷ ಬೇಸಿಗೆ ರಜೆಗೆ ಮುಂಚೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಮೆತ್ತಗಿನ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಟೇಬಲ್ಲಿನ ಮೇಲಿನ ಪೇಪರ್ ವೇಯ್ಟನ್ನು ತಿರುಗಿಸುತ್ತಾರೆ. ಅದು ತಿರುಗುತ್ತಿತ್ತು. ಅಡ್ಮಿಷನ್ನಿನ ಕೊನೆಯ ದಿನದೊಳಗೆ ಒಂದು ಕ್ಲಾಸಿಗಾಗುವಷ್ಟು ಹುಡುಗಿಯರು ಸೇರದಿದ್ದರೆ ಈ ವರ್ಷದಿಂದ ಹೊಸಬರಿಗೆ ಕನ್ನಡ ಇರುವುದಿಲ್ಲ ಎಂದು ಆಡಳಿತ ಮಂಡಳಿ ತೀರ್ಮಾನಿಸಿದೆ ಎಂದರು.

ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತೆ. ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮುಖ ಒರೆಸಿಕೊಂಡು ಫಸ್ಟ್ ಪಿಯುಸಿ ಮುಗಿಸಿದ್ದ ನನ್ನ ಹುಡುಗಿಯರನ್ನು ಕರೆದೆ. ಅಡ್ಮಿಷನ್ ದಿನಗಳಲ್ಲಿ ನಾನೊಬ್ಬಳೇ ಟೇಬಲ್ ಹಿಂದೆ ಕೂತರೆ ನನ್ನ ಮುಖ ನೋಡಿಯೇ ಜನ ಓಡಿಹೋಗುತ್ತಾರೆ, ನೀವು ಬಂದು ಕನ್ನಡದ ಪರವಾಗಿ ವಕಾಲತ್ತು ವಹಿಸಬೇಕು ಎಂದೆ. ಅಂದಿನಿಂದ ಅವರಿಗೆ ಕಾಲೇಜಿನಲ್ಲಿ 'ವಕೀಲರು' ಎಂಬ ಹೆಸರು ಬಿತ್ತು.

ರಜೆಯಲ್ಲಿ ತರಬೇತಿ. ಬೆಳಗಿನ ಬಿಸಿಲು ಏರುವ ಮೊದಲು ಕಾರಿಡಾರಿನಲ್ಲಿ ಸೇರುತ್ತಿದ್ದೆವು. ನಾನು ಮನೆಯಿಂದ ಹಲಸಿನ ತೊಳೆ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತರುತ್ತಿದ್ದೆ. ಬೈಯುವುದಕ್ಕೆ ನನಗೂ, ಬೈಸಿಕೊಳ್ಳುವುದಕ್ಕೆ ಅವರಿಗೂ ಶಕ್ತಿ ಬೇಕಲ್ಲ. ಮೊದಲ ದಿನ ಒಬ್ಬಳನ್ನು ಎಬ್ಬಿಸಿ, ನಾನೊಬ್ಬಳು ತಾಯಿ, ಮಗಳನ್ನು ಸೇರಿಸಲು ಬಂದಿದ್ದೇನೆ, ಮಾತಾಡು ಎಂದೆ. ಅವಳು ಎದೆಯ ಮೇಲೆ ಕೈಯಿಟ್ಟು, ಮಾನ್ಯ ಸಭಾಧ್ಯಕ್ಷರೇ, ಪೂಜ್ಯ ಗುರುವೃಂದವೇ ಎಂದು ಶುರು ಮಾಡಿದಳು. ಚರ್ಚಾಸ್ಪರ್ಧೆಗೆ ನಾನೇ ಕಲಿಸಿದ ಪಾಠ. ಇನ್ನೊಬ್ಬಳು ಕನ್ನಡದ ಹಿರಿಮೆಯನ್ನು ಶಾಸನಗಳ ಕಾಲದಿಂದ ಹಿಡಿದು ಹೇಳುತ್ತ ಬಂದಳು. ಅವಳು ನಮ್ಮ ಕಾಲಕ್ಕೆ ಬಂದು ಮುಟ್ಟುವಷ್ಟರಲ್ಲಿ ಆ ತಾಯಿ ಫೀಸು ಕಟ್ಟಿ ಮನೆ ಸೇರಿ ಅನ್ನಕ್ಕಿಟ್ಟಿರುತ್ತಾಳೆ ಎಂದೆ. ಎಲ್ಲರೂ ನಕ್ಕರು.

ಆಮೇಲೆ ನಾಟಕ ಶುರುವಾಯಿತು. ಒಮ್ಮೆ ನಾನು ಅಪ್ಪ, ಒಮ್ಮೆ ಅಮ್ಮ, ಹೆಚ್ಚಾಗಿ ದೊಡ್ಡಪ್ಪ. ಅಡ್ಮಿಷನ್ನಿಗೆ ಅಪ್ಪನ ಜೊತೆ ಒಬ್ಬ ದೊಡ್ಡಪ್ಪ ಬಂದೇ ಬರುತ್ತಾನೆ. ಎಲ್ಲ ಗೊತ್ತಿರುವವನು ಅವನೇ, ತೀರ್ಮಾನ ಮಾಡುವವನೂ ಅವನೇ. ಹುಡುಗಿಯ ಕಡೆ ತಿರುಗಿಯೂ ನೋಡದೆ, ಸ್ಕೋರಿಂಗ್ ಯಾವುದಮ್ಮ ಎಂದು ಕೇಳುತ್ತಾನೆ. ನಾನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ದೊಡ್ಡಪ್ಪನಾದರೆ ಹುಡುಗಿಯರು ಬಿದ್ದು ಬಿದ್ದು ನಗುತ್ತಿದ್ದರು. ನಗು ಮುಗಿದ ಮೇಲೆ ಪಾಠ. ಮಾರ್ಕ್ಸಿನ ವಿಷಯದಲ್ಲಿ ಸುಳ್ಳು ಹೇಳಬಾರದು. ಸಂಸ್ಕೃತವನ್ನಾಗಲಿ ಹಿಂದಿಯನ್ನಾಗಲಿ ಹಳಿಯಬಾರದು. ತಾಯಿಭಾಷೆ ಎಂದು ಕಣ್ಣೀರು ಹಾಕಬಾರದು, ಬಂದವರ ತಾಯಿಭಾಷೆ ಯಾವುದೋ ಏನೋ. ನನ್ನ ಕ್ಲಾಸಿನಲ್ಲಿ ಕೂತು ನಿನಗೇನು ಸಿಕ್ಕಿತು, ಅದನ್ನಷ್ಟೇ ಹೇಳು. ಏನೂ ಸಿಕ್ಕಿಲ್ಲದಿದ್ದರೆ ಈಗಲೇ ಮನೆಗೆ ಹೋಗು, ನನಗೆ ಬೇಸರವಿಲ್ಲ. ಹೀಗೆಂದಾಗ ಯಾರೂ ಮನೆಗೆ ಹೋಗಲಿಲ್ಲ.

ಕೊನೆಗೆ ಎದ್ದು ನಿಂತವಳು ತರಗುಪೇಟೆಯ ಹುಡುಗಿ. ಅವಳ ಅಪ್ಪ ಅಲ್ಲಿನ ಬೇಳೆಕಾಳಿನ ಮಂಡಿಗಳಲ್ಲಿ ಮೂಟೆ ಹೊರುತ್ತಿದ್ದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಕಾಲೇಜಿಗೆ ಬಂದಮೇಲೆ ಅಕೌಂಟೆನ್ಸಿ, ಎಕನಾಮಿಕ್ಸ್ ಎಲ್ಲ ಇಂಗ್ಲಿಷಿನಲ್ಲಿ ಕೇಳಿ ತಲೆ ತಗ್ಗಿಸಿ ಕೂತಿರುತ್ತಿದ್ದವಳು. ಅವಳು ಹೇಳಿದ್ದು ಇಷ್ಟೇ: "ಇಡೀ ದಿನದಲ್ಲಿ ಈ ಒಂದು ಪೀರಿಯಡ್‌ನಲ್ಲಿ ಮಾತ್ರ ನಾನು ಕೈ ಎತ್ತೋದು ಮೇಡಂ." ನಾನು ಮಾವಿನಕಾಯಿಯ ಡಬ್ಬಿ ಮುಚ್ಚಿ, ಸರಿ, ಇದನ್ನೇ ಹೇಳು ಎಂದೆ.

ಆದರೆ ಅವಳಲ್ಲಿ ಒಂದು ದೋಷವಿತ್ತು. ಗೆಳತಿಯೊಬ್ಬಳು ಹಿಂದಿಯ ಅಮ್ಮನಾಗಿ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು, ಇನ್ನೊಬ್ಬಳು ತಮಿಳು ಅಪ್ಪನಾದರೆ ತಮಿಳಿನಲ್ಲಿ. ನಾಲಿಗೆ ತನ್ನಷ್ಟಕ್ಕೆ ಹೊರಳುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಕನ್ನಡ ಓದಿ ಎಂದು ಕೇಳುವವರೇ ಕನ್ನಡದಲ್ಲಿ ಕೇಳದಿದ್ದರೆ ಇನ್ಯಾರು ಕೇಳುತ್ತಾರೆ? ಅಂದೇ ಕಾಯಿದೆ ಮಾಡಿದೆ. ಟೇಬಲ್ಲಿನ ಮುಂದೆ ಯಾರೇ ಬರಲಿ, ಯಾವ ಭಾಷೆಯಲ್ಲೇ ಕೇಳಲಿ, ನಮ್ಮ ಮಾತು ಕನ್ನಡದಲ್ಲಿ. ತಪ್ಪಿದವರು ಎದ್ದು ಹೊಂಗೆ ಮರಕ್ಕೆ ಒಂದು ಸುತ್ತು ಓಡಿ ಬರಬೇಕು. ಅಂಗಳವೇನು ಚಿಕ್ಕದಲ್ಲ, ಮರದಾಚೆ ಸೈಕಲ್ ಸ್ಟ್ಯಾಂಡಿನವರೆಗೂ ಹೋಗಿ ಬರಬೇಕು. ಆ ಬೇಸಿಗೆಯಲ್ಲಿ ಎಲ್ಲರೂ ಒಂದೆರಡು ಸುತ್ತು ಓಡಿದರು. ತರಗುಪೇಟೆಯವಳು ದುಪಟ್ಟಾ ಸೊಂಟಕ್ಕೆ ಬಿಗಿದು ದಿನಾ ಓಡಿದಳು. ಓಡಿ ಬಂದು, ಏದುಸಿರು ಬಿಡುತ್ತ ನಗುತ್ತಿದ್ದಳು. ಅವಳು ನಕ್ಕಷ್ಟೂ ನನ್ನ ಸಿಟ್ಟು ಏರುತ್ತಿತ್ತು.

ಅಡ್ಮಿಷನ್ ಶುರುವಾಗುವ ಹಿಂದಿನ ದಿನ ಅವಳು ಉಳಿದವರು ಹೋಗುವವರೆಗೂ ಕಾದು ನನ್ನ ಹತ್ತಿರ ಬಂದಳು. ತನಗೆ ಎಲ್ಲ ದಿನವೂ ಟೇಬಲ್ಲಿನಲ್ಲಿ ಕೂರಲು ಬಿಡಬೇಕೆಂದಳು. ಏನು ಇಷ್ಟು ಉತ್ಸಾಹ ಎಂದು ರೇಗಿಸಿದೆ. ಆಗ ತಂಗಿಯ ವಿಷಯ ಹೇಳಿದಳು. ತಂಗಿ ಹತ್ತನೇ ಕ್ಲಾಸು ಪಾಸಾಗಿದ್ದಾಳೆ, ಅದೇ ಕನ್ನಡ ಶಾಲೆಯಲ್ಲಿ. ಸಂಸ್ಕೃತ ಓದಿಲ್ಲ, ಹಿಂದಿಯನ್ನು ಹೇಗೋ ದಡ ಮುಟ್ಟಿಸಿದ್ದಾಳೆ. ಇಲ್ಲಿ ಕನ್ನಡ ಇದ್ದರೆ ಅಕ್ಕನ ಜೊತೆ ನಡೆದುಕೊಂಡು ಬರುತ್ತಾಳೆ. ಇಲ್ಲದಿದ್ದರೆ ಕನ್ನಡ ಇರುವ ಬೇರೆ ಕಾಲೇಜಿಗೆ ಎರಡು ಬಸ್ಸು ಹಿಡಿದು ಒಬ್ಬಳೇ ಹೋಗಬೇಕು. ಅಪ್ಪ ಒಬ್ಬಳನ್ನೇ ಕಳಿಸುವುದಿಲ್ಲ ಎಂದುಬಿಟ್ಟಿದ್ದಾರೆ. ಅಂದರೆ ಅವಳ ಓದು ಅಲ್ಲಿಗೆ ಮುಗಿಯಿತು. ಅಲ್ಲಿಯವರೆಗೆ ನನ್ನ ಮಟ್ಟಿಗೆ ಇದು ಕನ್ನಡದ ಕೆಲಸ, ನನ್ನ ಛಲದ ಕೆಲಸ. ಅಂದು ರಾತ್ರಿ ಊಟಕ್ಕೆ ಕೂತಾಗಲೂ ಕಾಣದ ಆ ತಂಗಿಯದೇ ಯೋಚನೆ.

ಅಡ್ಮಿಷನ್ ಶುರುವಾಯಿತು. ನನ್ನ ವಕೀಲರು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಮಲ್ಲಿಗೆ ಮುಡಿದು, ನೆಟ್ಟಗೆ ಕೂತರು. ಪಕ್ಕದ ಟೇಬಲ್ಲಿನಲ್ಲಿ ಸಂಸ್ಕೃತದ ಮೇಷ್ಟ್ರು. ಬಸವನಗುಡಿಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು, ಅಂದಿನ ಪೇಪರು ಹರಡಿಕೊಂಡು ಕೂತಿದ್ದರು. ಅವರು ಯಾರನ್ನೂ ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಜನ ನಮ್ಮ ಟೇಬಲ್ಲಿಗೆ ಬಂದು, ಹುಡುಗಿಯರ ಅಚ್ಚುಕಟ್ಟಾದ ಕನ್ನಡವನ್ನು ಕೇಳಿ, ತುಂಬಾ ಸಂತೋಷ ಎಂದು ತಲೆಯಾಡಿಸಿ, ಅಲ್ಲಿಂದ ಸೀದಾ ಅವರ ಟೇಬಲ್ಲಿಗೆ ಹೋಗುತ್ತಿದ್ದರು. ಕನ್ನಡದವರೇ ಹಾಗೆ ಮಾಡಿದರು. ಕನ್ನಡ ಮನೇಲೇ ಬರುತ್ತಲ್ಲ, ಇಲ್ಲಿ ಬೇರೆ ಯಾಕೆ ಎಂದ ಒಬ್ಬ ದೊಡ್ಡಪ್ಪನನ್ನು ನಾನು ನೋಡಿದ ನೋಟಕ್ಕೆ ಅವನು ಪೆನ್ನು ಬಿಟ್ಟು ಹೋದ. ಬೇರೆ ಭಾಷೆಯವರಂತೂ ನಮ್ಮ ಮುಂದೆ ನಿಲ್ಲುತ್ತಲೇ ಇರಲಿಲ್ಲ. ಮೇಷ್ಟ್ರು ಪಾಪ ಒಳ್ಳೆಯವರು. ಮಧ್ಯಾಹ್ನ ನನಗೂ ಒಂದು ಲೋಟ ಕಾಫಿ ಬಗ್ಗಿಸಿ, ನಿಮ್ಮ ಸೈನ್ಯ ಚೆನ್ನಾಗಿದೆ, ಯುದ್ಧವೇ ನಡೀತಿಲ್ಲವಲ್ಲ ಎಂದರು. ಕಾಫಿ ಕುಡಿದು ಲೋಟ ತೊಳೆದು ಕೊಟ್ಟೆ.

ಹೀಗೇ ದಿನಗಳು ಕಳೆದು ಕೊನೆಯ ದಿನ ಬಂತು. ಬೇಕಾದದ್ದರಲ್ಲಿ ಅರ್ಧದಷ್ಟು ಹುಡುಗಿಯರೂ ಸೇರಿರಲಿಲ್ಲ. ನಾನು ಸಿಟ್ಟಿನಲ್ಲಿ ಸೇರಿದವರ ಪಟ್ಟಿಯನ್ನೇ ಮತ್ತೆ ಮತ್ತೆ ಎಣಿಸುತ್ತ ಕೂತಿದ್ದೆ. ಆ ಬೆಳಿಗ್ಗೆ ಚಿಕ್ಕಪೇಟೆಯ ಬಟ್ಟೆ ಅಂಗಡಿಯ ಮನೆಯ ಹೆಂಗಸೊಬ್ಬರು ಮಗಳ ಜೊತೆ ಬಂದರು. ತಲೆಯ ಮೇಲೆ ಸೆರಗು, ಕೈತುಂಬ ಬಳೆ, ಮಗಳೊಂದಿಗೆ ತಮ್ಮ ಮಾರವಾಡಿಯಲ್ಲಿ ಮಾತಾಡುತ್ತ ನಮ್ಮ ಟೇಬಲ್ ದಾಟಿ ಮುಂದೆ ಹೋಗುತ್ತಿದ್ದರು. ತರಗುಪೇಟೆಯ ಹುಡುಗಿ ಎದ್ದು ನಿಂತು, ಹಿಂದಿಯಲ್ಲಿ, ಆಂಟಿ, ಒಂದು ನಿಮಿಷ ಎಂದಳು.

ಉಳಿದ ಹುಡುಗಿಯರೆಲ್ಲ ನನ್ನ ಮುಖ ನೋಡಿದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಅವಳು ಮಾತ್ರ ನನ್ನ ಕಡೆ ನೋಡದೆ ಮಾತಾಡುತ್ತಲೇ ಹೋದಳು. ನಾನು ಮನೆಯಲ್ಲಿ ಬೇರೆ ಭಾಷೆ ಆಡುವವಳು ಎಂದಳು. ದಿನದಲ್ಲಿ ತಾನು ಕೈ ಎತ್ತುವ ಆ ಒಂದು ಪೀರಿಯಡ್ಡಿನ ಮಾತು ಹೇಳಿದಳು. ನಮ್ಮ ಮೇಡಂಗೆ ಸಿಟ್ಟು ಬಹಳ, ಆದರೆ ಯಾರನ್ನೂ ಕೈಬಿಡುವುದಿಲ್ಲ, ನೋಡಿ, ಈಗಲೂ ಸಿಟ್ಟಿನಲ್ಲೇ ಕೂತಿದ್ದಾರೆ ಎಂದು ನನ್ನನ್ನೂ ತೋರಿಸಿದಳು. ಎಲ್ಲವೂ ಹಿಂದಿಯಲ್ಲಿ, ಅದೂ ಬೀದಿಯ ಉರ್ದು ಬೆರೆತ ಹಿಂದಿಯಲ್ಲಿ. ಆ ತಾಯಿ ನಿಂತರು. ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ನಕ್ಕು, ಸಲೀಸಾದ ಕನ್ನಡದಲ್ಲಿ ಹೇಳಿದರು: "ನಂಗೆ ಕನ್ನಡ ಬರುತ್ತೆ ಪುಟ್ಟಾ. ಇಲ್ಲೇ ಹುಟ್ಟಿ ಬೆಳೆದೋಳು ನಾನು. ಯಾರೂ ನನ್ನ ಹತ್ರ ಕನ್ನಡದ ವಿಷಯ ಮಾತಾಡ್ಲೇ ಇಲ್ಲ, ನೋಡು."

ಇಷ್ಟು ಹೇಳಿದ ಮೇಲೂ ಹುಡುಗಿ ಹಿಂದಿ ಬಿಡಲಿಲ್ಲ, ಅವರು ಕನ್ನಡ ಬಿಡಲಿಲ್ಲ. ಟೇಬಲ್ಲಿನ ಆಚೆ ಈಚೆ ನಿಂತು ಒಬ್ಬರ ಕಡೆಯ ಭಾಷೆಯನ್ನು ಇನ್ನೊಬ್ಬರು ಆಡುತ್ತಿದ್ದರು. ನನಗೆ ಒಮ್ಮೆಲೇ ಹೆಪ್ಪಿನ ಬಟ್ಟಲು ಕಣ್ಣ ಮುಂದೆ ಬಂತು. ಓಣಿಯ ಮುಸ್ಸಂಜೆ, ಮಾಮಿಯ ಬಾಗಿಲಿನ ರಂಗೋಲಿ, ಸೆರಗಿನ ತುದಿಗೆ ಕೈ ಒರೆಸುತ್ತ ನಿಂತ ನಮ್ಮಮ್ಮ. ಅವಳು ಹೋಗಿ ಎಷ್ಟೋ ವರ್ಷಗಳಾಗಿದ್ದವು, ವಠಾರ ಕೆಡವಿ ಅಪಾರ್ಟ್‌ಮೆಂಟು ಎದ್ದಿತ್ತು. ಆ ಕಾರಿಡಾರಿನಲ್ಲಿ ಕೂತು ನನಗೆ ಅಮ್ಮ ಬೇಕು ಅನ್ನಿಸಿತು. ಅಷ್ಟರಲ್ಲಿ ಚಿಕ್ಕಪೇಟೆಯ ಹುಡುಗಿ, ನಾನು ಸ್ಕೂಲಲ್ಲೂ ಕನ್ನಡ ಚೆನ್ನಾಗೇ ಮಾಡಿದ್ದೆ ಎಂದು ತಾಯಿಗೆ ನೆನಪಿಸಿ, ಅಪ್ಲಿಕೇಷನ್ನಿನಲ್ಲಿ ಕನ್ನಡ ಎಂದು ತುಂಬಿಸಿದಳು.

ಅವರು ಹೋದ ಮೇಲೆ ತರಗುಪೇಟೆಯವಳನ್ನು ಮರದ ಕೆಳಗೆ ಕರೆದೆ. ಬೈಯುವುದಕ್ಕೆಂದೇ ಕರೆದದ್ದು. ಇಷ್ಟು ದಿನ ಹೇಳಿಕೊಟ್ಟದ್ದೆಲ್ಲ ನೀರಿನಲ್ಲಿ ಹೋಮ ಆಯಿತೇ ಎಂದೆ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಮೆಲ್ಲಗೆ ಹೇಳಿದಳು.

"ಕೇಳ್ತಿರೋದು ನಾವಲ್ವಾ ಮೇಡಂ. ಅವರಿಗೇನು ದರ್ದು, ನಮ್ಮ ಹತ್ರ ಬರಕ್ಕೆ? ನಾವೇ ಹೋಗ್ಬೇಕು."

ಎಂ.ಎ. ಮಾಡಿ, ಊರಿಗೆಲ್ಲ ಪಾಠ ಹೇಳಿ, ಒಲೆಯ ಮುಂದೆ ಕೂತ ಅಮ್ಮ ಹೇಳಿದ್ದನ್ನು ಮತ್ತೆ ಕೇಳಲು ನನಗೆ ಅಷ್ಟು ವರ್ಷ ಬೇಕಾಯಿತು. ಮೂಗು ಒರೆಸಿಕೊಂಡು, ಸುತ್ತಿನ ಲೆಕ್ಕ ಆಮೇಲೆ ನೋಡೋಣ, ಈಗ ಹೋಗಿ ಕೂತ್ಕೋ ಎಂದೆ. ಹೋಗಿ ಉಳಿದವರಿಗೂ, ಯಾರಿಗೆ ಯಾವ ಭಾಷೆ ಬರುತ್ತದೋ ಅದರಲ್ಲೇ ಕೇಳಿ ಎಂದುಬಿಟ್ಟೆ. ಆಹಾ, ಆ ಮಧ್ಯಾಹ್ನದ ಗದ್ದಲ! ತೆಲುಗು, ಉರ್ದು, ಮರಾಠಿ, ಯಾವ ಯಾವ ಹುಡುಗಿಯ ಹೊಟ್ಟೆಯಲ್ಲಿ ಯಾವ ಯಾವ ಮಾತಿತ್ತೋ ಎಲ್ಲ ಹೊರಗೆ ಬಂತು. ಬಂದವರಲ್ಲಿ ಬಹಳ ಮಂದಿ ಕನ್ನಡದಲ್ಲೇ ಉತ್ತರ ಕೊಟ್ಟರು. ಎಲ್ಲರೂ ಸೇರಿದರೆಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಅಷ್ಟು ದಿನಗಳಲ್ಲಿ ಸೇರಿದ್ದಕ್ಕಿಂತ ಹೆಚ್ಚು ಮಂದಿ ಆ ಒಂದು ಮಧ್ಯಾಹ್ನ ಸೇರಿದರು. ಸಂಸ್ಕೃತದ ಮೇಷ್ಟ್ರು ಕೂಡ ಒಂದಿಬ್ಬರಿಗೆ, ಅಲ್ಲೂ ಒಂದು ಮಾತು ಕೇಳ್ಕೊಂಡು ಬನ್ನಿ ಎಂದು ನಮ್ಮ ಕಡೆ ಕಳಿಸಿದ್ದನ್ನು ನಾನು ಕಿವಿಯಾರೆ ಕೇಳಿದೆ.

ಆದರೂ ಸಂಜೆ ಲೆಕ್ಕ ಹಾಕಿದರೆ ಒಂದು ಕ್ಲಾಸಿಗೆ ಸ್ವಲ್ಪ ಕಡಿಮೆಯೇ. ಪ್ರಿನ್ಸಿಪಾಲರು ಪೇಪರ್ ವೇಯ್ಟ್ ತಿರುಗಿಸುತ್ತ, ಸೋಮವಾರ ಹೇಳುತ್ತೇನೆ ಎಂದರು. ಸೋಮವಾರದ ವಿಷಯ ಈಗಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಥೆ ಮುಗಿಸಲು ನನಗೆ ಆ ಸಂಜೆಯೇ ಇಷ್ಟ. ನೋಟಿಸ್ ಬೋರ್ಡಿಗೆ ಟೈಮ್ ಟೇಬಲ್ ಬಂತು, ಅದರಲ್ಲಿ ಕನ್ನಡ ಇತ್ತು. ನಾನು ನಿವೃತ್ತಳಾದ ಮೇಲೂ ಇದೆ. ಆದರೆ ಆ ಸಂಜೆ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಟೇಬಲ್ ಮಡಿಸುವ ಹೊತ್ತಿಗೆ ಗೇಟಿನಲ್ಲಿ ಒಬ್ಬರು ಬಂದು ನಿಂತರು. ಹೆಗಲ ಮೇಲೆ ಬೇಳೆಯ ಧೂಳು, ಕೈಯಲ್ಲಿ ಮಡಿಚಿದ ಟವೆಲು. ಹಿಂದೆ ಎರಡು ಜಡೆಯ ಹುಡುಗಿ, ಅಕ್ಕನ ಮೂಗೇ. ತರಗುಪೇಟೆಯವಳು ಓಡಿಹೋಗಿ ಅಪ್ಪನೊಡನೆ ತಮಿಳಿನಲ್ಲಿ ಮಾತಾಡಿದಳು. ಕ್ಲಾಸು ಇರುತ್ತದೋ ಇಲ್ಲವೋ ಎಂದು ಅವರು ಕೇಳಿದರು. ಅವಳು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಬಾರದೆಂದು ಕಲಿಸಿದವಳು ನಾನೇ. ಗೊತ್ತಿಲ್ಲಪ್ಪಾ ಎಂದಳು. ಅವರು ಒಂದು ಕ್ಷಣ ನಿಂತು, ಹಾಗಾದರೆ ಬೇಡ, ನಡಿ ಎಂದು ಚಿಕ್ಕವಳ ಕೈ ಹಿಡಿದು ತಿರುಗಿದರು. ಚಿಕ್ಕವಳು ಅಳಲಿಲ್ಲ. ಹೊಂಗೆ ಮರವನ್ನು, ಕಾರಿಡಾರನ್ನು, ಮಡಿಸಿದ ಟೇಬಲ್ಲುಗಳನ್ನು ಒಮ್ಮೆ ನೋಡಿದಳು, ಅಷ್ಟೇ.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಲಿಲ್ಲ. "ವಾಂಗೊ, ಉಕ್ಕಾರುಂಗೊ," ಬನ್ನಿ, ಕೂತ್ಕೊಳ್ಳಿ ಎಂದು ಕೂಗಿದೆ. ಮಾಮಿಯ ಮನೆಯ ತಮಿಳು, ಅಷ್ಟು ವರ್ಷ ಎಲ್ಲಿ ಅಡಗಿತ್ತೋ, ಒಂದರ ಹಿಂದೊಂದು ಮಾತಾಗಿ ಬಂತು. ಕ್ಲಾಸು ಇರಲಿ ಇಲ್ಲದಿರಲಿ, ಈ ಹುಡುಗಿಯನ್ನು ಸೇರಿಸಿ ಎಂದೆ. ಕ್ಲಾಸು ಇಲ್ಲವೆಂದರೆ ನಾನು ಕಾಲೇಜು ಬಿಟ್ಟ ಮೇಲೆ ಈ ಮರದ ಕೆಳಗೆ ಇವಳೊಬ್ಬಳನ್ನೇ ಕೂರಿಸಿಕೊಂಡು ಪಾಠ ಮಾಡುತ್ತೇನೆ, ಪರೀಕ್ಷೆಗೆ ಕೂರಿಸುವುದು ನನ್ನ ಹೊಣೆ, ಅಕ್ಕನ ಜೊತೆ ಬಂದು ಅಕ್ಕನ ಜೊತೆ ಹೋಗಲಿ. ಇನ್ನೂ ಏನೇನೋ ಹೇಳಿದೆ. ನನ್ನ ಜನ್ಮದಲ್ಲಿ ಯಾರನ್ನೂ ಅಷ್ಟು ಬೇಡಿಕೊಂಡಿರಲಿಲ್ಲ.

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನನ್ನ ಅಯ್ಯರ್ ಮನೆಯ ತಮಿಳಿಗೆ ಅವರ ತುಟಿಯಂಚಿನಲ್ಲಿ ನಗು ಬಂದದ್ದನ್ನು ಕಂಡೆ. ಆಮೇಲೆ ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿ ಜೋಡಿಸುತ್ತ ಹೇಳಿದರು: "ಟೀಚರಮ್ಮ, ನೀವು ಇಷ್ಟು ಹೇಳಿದ ಮೇಲೆ ಆಯ್ತು. ಸೇರಿಸ್ಕೊಳ್ಳಿ. ಇವಳೂ ಓದ್ಲಿ."

ಚಿಕ್ಕವಳು ಮಡಿಸಿದ ಟೇಬಲ್ಲಿನ ಮೇಲೇ ಅಪ್ಲಿಕೇಷನ್ ಇಟ್ಟು ತುಂಬಿಸಿದಳು. ಅಕ್ಷರ ಮುತ್ತಿನಂತಿತ್ತು. ಸಹಿ ಮಾಡಿ ತಲೆ ಎತ್ತಿದಳು. ಆಮೇಲೆ ನನ್ನ ವಕೀಲರೆಲ್ಲ ಸಾಲಾಗಿ ನಿಂತು ನನ್ನನ್ನೇ ನೋಡುತ್ತಿರುವುದು ಗೊತ್ತಾಯಿತು. ಬಾಯಿ ಬಿಟ್ಟು ಕೇಳುವ ಧೈರ್ಯ ಒಬ್ಬಳಿಗೂ ಇಲ್ಲ. ಒಬ್ಬಳ ಕಣ್ಣು ಮಾತ್ರ ಹೊಂಗೆ ಮರದ ಕಡೆ ಹೋಗಿ ಬಂತು.

ಕಾಯಿದೆ ಮಾಡಿದವಳು ನಾನು. ಮಧ್ಯಾಹ್ನ ಅದನ್ನು ಸಡಿಲಿಸಿದ್ದು ಹುಡುಗಿಯರಿಗೆ, ನನಗಲ್ಲ. ಚಪ್ಪಲಿ ಬಿಟ್ಟೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಂಸ್ಕೃತದ ಮೇಷ್ಟ್ರು ಫ್ಲಾಸ್ಕು ಹಿಡಿದು ಗೇಟಿನ ಹತ್ತಿರವೇ ನಿಂತುಬಿಟ್ಟರು, ಮಹಡಿಯ ಕಿಟಕಿಯಲ್ಲಿ ಪ್ರಿನ್ಸಿಪಾಲರ ತಲೆ ಕಂಡಿತು. ದಿನವೆಲ್ಲ ಬಿಸಿಲು ಕುಡಿದ ಕಲ್ಲು ಹಾಸು ಕಾಲಿಗೆ ಬೆಚ್ಚಗೆ ತಾಗಿತು. ಮರ ದಾಟುವಷ್ಟರಲ್ಲಿ ಎಡ ಮೊಣಕಾಲು ಕಿರುಗುಟ್ಟಿತು, ಓಟ ನಡಿಗೆಗೆ ಇಳಿಯಿತು. ಆಗ ಹಿಂದಿನಿಂದ ಬರಿಗಾಲಿನ ಸದ್ದು ಕೇಳಿಸಿತು. ತರಗುಪೇಟೆಯವಳು ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ನನ್ನ ಪಕ್ಕಕ್ಕೆ ಬಂದಳು.

"ಬೆಳಿಗ್ಗೇದು ನಂದೊಂದು ಬಾಕಿ ಇದೆ ಮೇಡಂ" ಎಂದಳು. ನನ್ನ ಮೊಣಕೈ ಹಿಡಿದು, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಸೈಕಲ್ ಸ್ಟ್ಯಾಂಡಿನವರೆಗೂ ಬಂದಳು.